ಹೊಸ ಕನ್ಸೋಲ್‌ಗೆ ಮೊದಲ ವರ್ಷವೇ ಗೇಮ್ ಮಾಡಬೇಕಾ?

ಹೊಸ ಕನ್ಸೋಲ್, ಅಂದರೆ ಗೇಮ್ ಆಡುವ ಯಂತ್ರ, ಬಂದಾಗಲೆಲ್ಲ ಇದೇ ಜಗಳ. ಕನ್ಸೋಲ್ ಮಾಡಿದ ಕಂಪನಿ ತನ್ನ ಗೇಮ್‌ಗಳನ್ನು ಹೇಗೂ ತರುತ್ತದೆ. ಹೊರಗಿನ ಸ್ಟುಡಿಯೋಗಳು, ಅಂದರೆ ಥರ್ಡ್ ಪಾರ್ಟಿಯವರು, ಮೊದಲ ವರ್ಷವೇ ದುಡ್ಡು ಸುರಿಯಬೇಕಾ? ಇಲ್ಲ, ಒಂದಷ್ಟು ಜನ ಕೊಂಡ ಮೇಲೆ ನೋಡಿಕೊಂಡರೆ ಸಾಕಾ? ಎರಡೂ ಕಡೆಯ ವಾದ ಬರೆದಿದ್ದೇನೆ. ತಮಾಷೆ ಅಂದರೆ, ಎರಡೂ ಕಡೆಗೆ ಸಾಕ್ಷಿ ಹೇಳುವುದು ಗೇಮ್ ಮಾಡುವ ಒಂದೇ ಕಂಪನಿ: ಯೂಬಿಸಾಫ್ಟ್.

ಪರ: ಖಾಲಿ ಇರುವಾಗಲೇ ಜಾಗ ಹಿಡಿಯಬೇಕು

2006ರಲ್ಲಿ ವೀ ಅನ್ನುವ ಕನ್ಸೋಲ್ ಬರುವಾಗ ಅದನ್ನು ಮಾಡಿದ ನಿಂಟೆಂಡೊ ಕಂಪನಿ ಅಷ್ಟೇನೂ ಒಳ್ಳೆಯ ಸ್ಥಿತಿಯಲ್ಲಿ ಇರಲಿಲ್ಲ. ಅದರ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್‌ನ ಮಾರಾಟ ಸುಮಾರು 2.17 ಕೋಟಿಗೇ ನಿಂತುಹೋಯಿತು. ಅದೇ ಕಾಲದ, ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಆಗಲೇ 10 ಕೋಟಿ ದಾಟಿತ್ತು. ಮೇಲಾಗಿ ವೀಯದು ಕೈ ಬೀಸಿ ಆಡುವ ರಿಮೋಟ್. ಇದನ್ನು ಯಾರು ಕೊಳ್ಳುತ್ತಾರೆ ಅಂತ ನಕ್ಕವರೇ ಜಾಸ್ತಿ. ಆದರೂ ಯೂಬಿಸಾಫ್ಟ್ ಲಾಂಚ್ ದಿನವೇ ಒಂದು ಗೇಮ್ ಇಟ್ಟಿತು: ರೇಮನ್ ರೇವಿಂಗ್ ರ‍್ಯಾಬಿಡ್ಸ್. ಕಿರುಚಾಡುವ ಬಿಳಿ ಮೊಲಗಳು, ರಿಮೋಟ್ ಹಿಡಿದು ಆಡುವ ಪುಟ್ಟ ಪುಟ್ಟ ಆಟಗಳು. ಅಷ್ಟೇ.

ಆಮೇಲೆ ಏನಾಯಿತು ನೋಡಿ. ವೀ 10 ಕೋಟಿ ದಾಟಿತು. ಮೊಲಗಳು ಆ ಗೇಮ್‌ನ ನಾಯಕ ರೇಮನ್‌ನನ್ನೇ ಪಕ್ಕಕ್ಕೆ ತಳ್ಳಿ ತಮ್ಮದೇ ಸರಣಿ ಮಾಡಿಕೊಂಡವು. 2009ರಲ್ಲಿ ಅದೇ ರಿಮೋಟ್ ನಂಬಿಕೊಂಡು ಯೂಬಿಸಾಫ್ಟ್‌ನ ಕುಣಿಯುವ ಗೇಮ್ ಜಸ್ಟ್ ಡಾನ್ಸ್ ಬಂತು. ವಿಮರ್ಶಕರು ಮೂಗು ಮುರಿದರು, ಜನ ಕೊಂಡರು. ಎಷ್ಟರ ಮಟ್ಟಿಗೆ ಅಂದರೆ, 2019ರಲ್ಲಿ ಜಸ್ಟ್ ಡಾನ್ಸ್ 2020 ವೀಗೂ ಬಂತು. ಕನ್ಸೋಲ್ ಹುಟ್ಟಿ 13 ವರ್ಷ ಆಗಿತ್ತು! ಇನ್ನು 2017ರಲ್ಲಿ, ನಿಂಟೆಂಡೊದ ಮತ್ತೊಂದು ಕನ್ಸೋಲ್ ಸ್ವಿಚ್ ಬಂದ ಆರೇ ತಿಂಗಳಿಗೆ, ನಿಂಟೆಂಡೊ ತನ್ನ ಮಾರಿಯೋನನ್ನೇ ಈ ಮೊಲಗಳ ಜೊತೆ ಆಡಲು ಬಿಟ್ಟಿತು. ತನ್ನ ಪಾತ್ರಗಳನ್ನು ಇಷ್ಟು ಜೋಪಾನ ಮಾಡುವ ಕಂಪನಿ ಹೊರಗಿನವರಿಗೆ ಮಾರಿಯೋನನ್ನು ಸುಮ್ನೆ ಕೊಟ್ಟುಬಿಡುತ್ತಾ? ಮೊದಲ ದಿನದಿಂದ ಜೊತೆಗಿದ್ದವರ ಮೇಲೆ ಹುಟ್ಟಿದ ಸಲುಗೆ ಅದು. ಮೊದಲ ಮೂರು ತಿಂಗಳ ಮಾರಾಟದ ಪಟ್ಟಿಯಲ್ಲಿ ಇದಕ್ಕೆಲ್ಲ ಯಾವ ಕಾಲಂ ಇರುತ್ತದೆ ಹೇಳಿ.

"ನಿಂಟೆಂಡೊ ಕನ್ಸೋಲ್‌ನಲ್ಲಿ ಅದರದೇ ಗೇಮ್ ಬಿಟ್ಟರೆ ಬೇರೆ ಓಡಲ್ಲ" ಅನ್ನುವುದು ಹಳೆಯ ಗೊಣಗಾಟ. ನನ್ನ ಪ್ರಶ್ನೆ ಒಂದೇ. ನೀವು ಅಲ್ಲಿಗೆ ಕಳಿಸಿದ್ದಾದರೂ ಏನು? 2012ರ ನವೆಂಬರ್‌ನಲ್ಲಿ ವೀ ನಂತರದ ಕನ್ಸೋಲ್ ವೀ ಯು ಬಂತು. ಗೇಮ್ ಮಾಡುವ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಕಂಪನಿ ಅದಕ್ಕೆ ಮಾಸ್ ಎಫೆಕ್ಟ್ 3 ಕೊಟ್ಟಿತು. ಅದು ಮೂರು ಭಾಗದ ಕಥೆಯ ಕೊನೆಯ ಭಾಗ. ಮೊದಲ ಎರಡು ಭಾಗ ವೀ ಯುನಲ್ಲಿ ಇಲ್ಲವೇ ಇಲ್ಲ. ಅದೇ ತಿಂಗಳು ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ 360ಯಲ್ಲಿ ಮೂರೂ ಭಾಗ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಮಾರಿದರು. ಎರಡಕ್ಕೂ ಬೆಲೆ 60 ಡಾಲರ್. ವೀ ಯು ಇಟ್ಟುಕೊಂಡವನು ಒಂದಕ್ಕೆ ಮೂರರ ದುಡ್ಡು ಕೊಡಬೇಕಿತ್ತು. ಕೊಡಲಿಲ್ಲ. ಒಟ್ಟು ನಾಲ್ಕು ಗೇಮ್ ಕೊಟ್ಟು ಇಎ ಆ ಕನ್ಸೋಲಿನ ಕಡೆ ತಿರುಗಿ ನೋಡಲಿಲ್ಲ.

ಹಳೆಯ ಗೇಮ್ ಅಂದ ಮಾತ್ರಕ್ಕೆ ಸೋಲಬೇಕು ಅಂತೇನೂ ಇಲ್ಲ. ಸ್ಟಾರ್‌ಡ್ಯೂ ವ್ಯಾಲಿ ಪಿಸಿಯಲ್ಲಿ 2016ರ ಫೆಬ್ರವರಿಗೇ ಬಂದಿತ್ತು. ಒಬ್ಬನೇ ಕೂತು ಮಾಡಿದ ಗೇಮ್. ಸ್ವಿಚ್‌ಗೆ ಬಂದಿದ್ದು 2017ರ ಅಕ್ಟೋಬರ್‌ನಲ್ಲಿ. ವರ್ಷಕ್ಕೆ ಇನ್ನು ಮೂರೇ ತಿಂಗಳು ಬಾಕಿ ಇದ್ದರೂ ಆ ವರ್ಷ ಸ್ವಿಚ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಡೌನ್‌ಲೋಡ್ ಆದ ಗೇಮ್ ಅದೇ. ಕೈಯಲ್ಲಿ ಹಿಡಿದುಕೊಂಡು, ಮಲಗುವ ಮುಂಚೆ ಹತ್ತು ನಿಮಿಷ ಆಡಿ ಎತ್ತಿಡುವ ಯಂತ್ರಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು. ಹೊಸ ಕನ್ಸೋಲ್ ಕೊಂಡವನಿಗೆ ಮೊದಲ ತಿಂಗಳುಗಳಲ್ಲಿ ಆಡಲು ಗೇಮ್ ಕಮ್ಮಿ, ಹಸಿವು ಜಾಸ್ತಿ. ಆಗ ಕಣ್ಣಿಗೆ ಬಿದ್ದ ಸಣ್ಣ ಗೇಮ್ ಮೂರು ವರ್ಷ ಕಳೆದ ಮೇಲೆ ಸಾವಿರಾರು ಗೇಮ್‌ಗಳ ನಡುವೆ ಕಾಣುವುದೇ ಇಲ್ಲ.

ಎಲ್ಲರೂ ಕಾಯುತ್ತಾ ಕೂತರೆ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಹಾಗೆ. ಗೇಮ್ ಇಲ್ಲ ಅಂತ ಜನ ಕೊಳ್ಳಲ್ಲ, ಜನ ಇಲ್ಲ ಅಂತ ಗೇಮ್ ಬರಲ್ಲ. ಸೇಗಾ ಕಂಪನಿಯ ಕನ್ಸೋಲ್ ಡ್ರೀಮ್‌ಕಾಸ್ಟ್‌ಗೆ ಇಎ ಒಂದೂ ಗೇಮ್ ಕೊಡಲಿಲ್ಲ. ಅಮೆರಿಕದಲ್ಲಿ ಇಎಯ ಅಮೆರಿಕನ್ ಫುಟ್‌ಬಾಲ್ ಗೇಮ್‌ಗೋಸ್ಕರವೇ ಕನ್ಸೋಲ್ ಕೊಳ್ಳುವ ಜನ ಇದ್ದರು. ಸೇಗಾ ತನ್ನದೇ ಕ್ರೀಡಾ ಗೇಮ್ ಮಾಡಿತು, ಚೆನ್ನಾಗಿಯೇ ಮಾಡಿತು. ಆದರೂ ಸುಮಾರು 91 ಲಕ್ಷಕ್ಕೆ ಆಟ ಮುಗಿಯಿತು. 2001ರಲ್ಲಿ ಸೇಗಾ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು.

ವಿರೋಧ: ಜಾಗ ಇದೆ ಸ್ವಾಮಿ, ಜನ ಎಲ್ಲಿ?

ಮೊಲದ ಕಥೆ ಚೆನ್ನಾಗಿದೆ. ಅದೇ ಕಂಪನಿಯ 2012ರ ಕಥೆಯನ್ನೂ ಕೇಳಿ.

ವೀ ಯು ಲಾಂಚ್‌ಗೆ ಯೂಬಿಸಾಫ್ಟ್ ತಂದದ್ದು ಝಾಂಬಿಯು (ZombiU) ಅನ್ನುವ ಗೇಮ್, ಝಾಂಬಿಗಳಿಂದ, ಅಂದರೆ ಎದ್ದು ಓಡಾಡುವ ಹೆಣಗಳಿಂದ, ತಪ್ಪಿಸಿಕೊಳ್ಳುವ ಆಟ. ಯಾವುದೋ ಹಳೆಯ ಗೇಮನ್ನು ತಂದು ಒಗೆದದ್ದಲ್ಲ ಅದು, ಆ ಯಂತ್ರಕ್ಕೆ ಅಂತಲೇ ಮಾಡಿದ್ದು. ಚೀಲದಲ್ಲಿ ಏನಿದೆ ಅಂತ ಹುಡುಕಬೇಕಾದರೆ ಟಿವಿಯಿಂದ ಕಣ್ಣು ತೆಗೆದು ಕೈಯಲ್ಲಿ ಹಿಡಿದು ಆಡುವ ಗೇಮ್‌ಪ್ಯಾಡ್‌ನಲ್ಲೇ ಇರುವ ಪರದೆ ನೋಡಬೇಕು. ಆಟ ನಿಲ್ಲುವುದಿಲ್ಲ. ನೀವು ಚೀಲ ತಡಕುತ್ತಿರುವಾಗ ಟಿವಿಯಲ್ಲಿ ಝಾಂಬಿ ಬರುತ್ತಲೇ ಇರುತ್ತದೆ. ಎರಡು ಪರದೆಯನ್ನು ಇಷ್ಟು ಚೆನ್ನಾಗಿ ಬಳಸಿದ ಗೇಮ್‌ಗಳು ವೀ ಯುನಲ್ಲಿ ಬಹಳ ಕಮ್ಮಿ. ಫಲ? ಅದು ಲಾಭದ ಹತ್ತಿರಕ್ಕೂ ಬರಲಿಲ್ಲ ಎಂದು ಕಂಪನಿಯ ಮುಖ್ಯಸ್ಥ ಈವ್ ಗಿಯಮೋ 2013ರಲ್ಲಿ ಬಾಯಿಬಿಟ್ಟು ಹೇಳಿದರು. ಎರಡನೇ ಭಾಗ ಬರಲಿಲ್ಲ. ವೀ ಯುಗೆ ಮಾತ್ರ ಅಂತ ಘೋಷಿಸಿದ್ದ ಯೂಬಿಸಾಫ್ಟ್‌ನ ಇನ್ನೊಂದು ಗೇಮ್ ರೇಮನ್ ಲೆಜೆಂಡ್ಸ್‌ನ ಕಥೆಯೂ ಅಷ್ಟೇ. 2013ರ ಫೆಬ್ರವರಿಗೆ ಬರಬೇಕಿತ್ತು. ಬಿಡುಗಡೆಗೆ ಕೆಲವೇ ವಾರ ಇರುವಾಗ ತಿಂಗಳುಗಟ್ಟಲೆ ಮುಂದಕ್ಕೆ ಹಾಕಿ, ಉಳಿದ ಕನ್ಸೋಲ್‌ಗಳಿಗೂ ಸೇರಿಸಿ ಬಿಟ್ಟರು. ಅಭಿಮಾನಿಗಳು ಬೈದರು. ಬೈಯದೇ ಇನ್ನೇನು ಮಾಡುತ್ತಾರೆ. ಆದರೆ ವೀ ಯು ತನ್ನ ಇಡೀ ಜೀವಮಾನದಲ್ಲಿ ಮಾರಾಟವಾದದ್ದೇ ಸುಮಾರು 1.35 ಕೋಟಿ. ಒಳ್ಳೆಯ ಗೇಮ್ ಕೊಟ್ಟರೆ ಜನ ಕೊಳ್ಳುತ್ತಾರೆ ಅನ್ನುವ ಮಾತು ಕೇಳಲು ಚೆಂದ. ಕೊಳ್ಳಲು ಮೊದಲು ಜನ ಇರಬೇಕು, ಅಲ್ವಾ?

ಸರಿ, ಕನ್ಸೋಲ್ ಗೆದ್ದಿತು ಅಂತಲೇ ಇಟ್ಟುಕೊಳ್ಳಿ. ಸ್ವಿಚ್ 2 ಬಂದದ್ದು 2025ರ ಜೂನ್ 5ಕ್ಕೆ. ಸೆಪ್ಟೆಂಬರ್ ಮುಗಿಯುವಾಗ 1.03 ಕೋಟಿ ಮಾರಾಟ. ಭರ್ಜರಿ ಆರಂಭ. ಅಷ್ಟರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ ಹೋದದ್ದು ಸುಮಾರು 95 ಲಕ್ಷ ಪ್ರತಿ, ಅದರಲ್ಲಿ ಕನ್ಸೋಲ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬಂದವು ಬೇಕಾದಷ್ಟು. ಅಂದರೆ ಹೊಸ ಗಿರಾಕಿ ಅಂಗಡಿಗೆ ಬರುವಾಗಲೇ ಅವನ ಗೇಮ್ ಅವನ ಕೈಯಲ್ಲಿದೆ. ಕನ್ಸೋಲ್‌ಗೆ ದುಡ್ಡು ಸುರಿದು ಜೇಬು ಹಗುರ ಆಗಿದೆ. ಸಾಲದ್ದಕ್ಕೆ ಹಳೆಯ ಸ್ವಿಚ್ ಗೇಮ್‌ಗಳು ಬಹುಪಾಲು ಇದರಲ್ಲೂ ಓಡುತ್ತವೆ. ಹೊರಗಿನವರ ಗೇಮ್ ಇಷ್ಟನ್ನೂ ದಾಟಿ ಅವನನ್ನು ಮುಟ್ಟಬೇಕು. 20 ಜನರಲ್ಲಿ ಒಬ್ಬ ಕೊಂಡ ಅನ್ನಿ, 5 ಲಕ್ಷ ಪ್ರತಿ ಆಯಿತು. ಅದರಲ್ಲಿ ಕನ್ಸೋಲ್ ಕಂಪನಿಯ ಪಾಲು ಕಳೆಯಿರಿ. ಡೆವ್ ಕಿಟ್ (ಗೇಮ್ ತಯಾರಿಸಲು ಕೊಡುವ ವಿಶೇಷ ಕನ್ಸೋಲ್) ಹಿಡಿದು ತಿಂಗಳುಗಟ್ಟಲೆ ಕೂತ ಎಂಜಿನಿಯರ್‌ಗಳ ಸಂಬಳ ಕಳೆಯಿರಿ. ಸಣ್ಣ ಗೇಮ್ ಆದರೆ ಸಾಕು, ಹಬ್ಬ. ದೊಡ್ಡ ಗೇಮ್‌ಗೆ ಅದು ಎಲ್ಲಿಗೆ ಸಾಲುತ್ತದೆ? ಸ್ಟಾರ್‌ಡ್ಯೂ ಮಾಡಿದವನು ಒಬ್ಬ. ಇಲ್ಲಿ ನೂರಾರು ಜನ.

ಡ್ರೀಮ್‌ಕಾಸ್ಟ್ ಸತ್ತದ್ದು ಹೊರಗಿನವರು ಬಾರದೆ ಅನ್ನುವುದನ್ನೂ ನಾನು ಒಪ್ಪಲಾರೆ. ನಾಮ್ಕೊ ಸೋಲ್‌ಕ್ಯಾಲಿಬರ್ ಕೊಟ್ಟಿತು. ಕ್ಯಾಪ್‌ಕಾಮ್ ರೆಸಿಡೆಂಟ್ ಈವಿಲ್ ಕೋಡ್ ವೆರೋನಿಕಾ ಕೊಟ್ಟಿತು. ಬಂದವರು ಒಳ್ಳೆಯದನ್ನೇ ತಂದರು, ಆದರೂ ಉಳಿಯಲಿಲ್ಲ. ಪ್ಲೇಸ್ಟೇಷನ್ 2 ಬರುತ್ತದೆ ಅಂತ ಜನ ಕಾದರು, ಸೇಗಾದ ಹತ್ತಿರ ದುಡ್ಡು ಕರಗಿತು.

ಕನ್ಸೋಲ್ ಗೆದ್ದರೆ ದೊಡ್ಡ ಲಾಭ ಯಾರಿಗೆ? ಅದನ್ನು ಮಾಡಿದವರಿಗೆ. ಹಾಗಾದರೆ ಮೊದಲ ವರ್ಷದ ಅಪಾಯವನ್ನೂ ಅವರೇ ಹೊರಲಿ. ಬಯೊನೆಟ್ಟಾ 2 ಅನ್ನುವ ಗೇಮ್‌ಗೆ ನಿಂಟೆಂಡೊ ಹಾಗೇ ಮಾಡಿತು, ತಾನೇ ದುಡ್ಡು ಹಾಕಿ ವೀ ಯುಗೆ ಮಾಡಿಸಿಕೊಂಡಿತು. ಅಂಥ ಒಪ್ಪಂದ ಸಿಕ್ಕರೆ ನಾನೂ ಮೊದಲ ದಿನವೇ ಬರುತ್ತೇನೆ.

ಸಿಗದಿದ್ದರೆ ಕಾಯುವುದರಲ್ಲಿ ಕಳೆದುಕೊಳ್ಳುವುದು ಕಮ್ಮಿ. ವಿಚರ್ 3 ಅನ್ನುವ ದೊಡ್ಡ ಗೇಮ್ ಮೊದಲು ಬಂದದ್ದು 2015ರಲ್ಲಿ. ಸ್ವಿಚ್‌ಗೆ ಬಂದದ್ದು 2019ರ ಅಕ್ಟೋಬರ್‌ನಲ್ಲಿ, ಕನ್ಸೋಲ್‌ಗೆ ಎರಡೂವರೆ ವರ್ಷ ತುಂಬಿದ ಮೇಲೆ. ಅಷ್ಟು ದೊಡ್ಡ ಗೇಮನ್ನು ಹಿಂಡಿ ಹಿಂಡಿ 32 ಜಿಬಿ ಕಾರ್ಡಿಗೆ ತುಂಬಿದ್ದರು. ಚಿತ್ರ ಸ್ವಲ್ಪ ಮಂಜು ಮಂಜು, ನಿಜ. ಆದರೆ ಆ ಹೊತ್ತಿಗೆ ಸ್ವಿಚ್ ಹಿಡಿದವರು 4 ಕೋಟಿಗೂ ಜಾಸ್ತಿ. ತಡವಾಯಿತು ಅಂತ ಯಾರೂ ಮುಖ ತಿರುಗಿಸಲಿಲ್ಲ. ಬಸ್ಸಿನಲ್ಲಿ ಕೂತು ವಿಚರ್ ಆಡಬಹುದಾ ಅಂತ ಬೆರಗಾಗಿ ಕೊಂಡರು.