ಮಡಿಯಲ್ಲಿರುವ ಮೌಸ್

ನಿವೃತ್ತಿಯ ನಂತರ ನನಗೆ ದಕ್ಕಿರುವ ಪದವಿ ಒಂದೇ: ಮೈಸೂರಿನಲ್ಲಿ ನಾವಿರುವ 48 ಮನೆಗಳ ಅಪಾರ್ಟ್‌ಮೆಂಟಿನ ಖಜಾಂಚಿಗಿರಿ. ಆಯ್ಕೆ ನಡೆದ ಸಭೆಗೆ ನಾನು ಹೋಗಿರಲಿಲ್ಲವಾದ್ದರಿಂದ ಅವಿರೋಧವಾಗಿ ಆಯ್ಕೆಯಾದೆ. ಯಾರ ಮನೆಯ ಮೇಂಟೆನೆನ್ಸ್ ಬಂತು, ಯಾರದು ಬಾಕಿ, ಲಿಫ್ಟ್ ರಿಪೇರಿಗೆ ಎಷ್ಟು ಹೋಯಿತು, ನೀರಿನ ಟ್ಯಾಂಕರಿಗೆ ಎಷ್ಟು ಹೋಯಿತು ಎಂಬುದನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಬರೆದಿಡುವುದು ನನ್ನ ಕೆಲಸ. ಇದಕ್ಕೆ ನನ್ನ ಬಳಿ ಒಂದು ಹಳೆಯ ಮೌಸ್ ಇತ್ತು. ಅದರ ನಡುವಿನ ಚಕ್ರವನ್ನು ತಿರುಗಿಸಿದರೆ ಕಟಕಟ ಎನ್ನುತ್ತಿತ್ತು, ಬೆರಳು ನಿಂತರೆ ತಾನೂ ನಿಲ್ಲುತ್ತಿತ್ತು. ಅದರ ಮೇಲೆ ಕೈಯಿಟ್ಟುಕೊಂಡೇ ಕಿಟಕಿಯಾಚೆ ನೋಡಬಹುದಿತ್ತು, ಇನ್ನೊಂದು ಕೈಯಲ್ಲಿ ಕಾಫಿ ಕುಡಿಯಬಹುದಿತ್ತು, ಮಧ್ಯಾಹ್ನವಾದರೆ ಸ್ವಲ್ಪ ತೂಕಡಿಸಲೂಬಹುದಿತ್ತು. ಕೆಲಸ ಮಾಡದಿರುವಾಗಲೂ ಮಾಡುತ್ತಿರುವವನಂತೆ ಕಾಣಿಸುವ ಇಂಥ ಸೌಲಭ್ಯವನ್ನು 32 ವರ್ಷ ಬ್ಯಾಂಕಿನಲ್ಲಿ ದುಡಿದವನು ಸುಲಭವಾಗಿ ಬಿಟ್ಟುಕೊಡಲಾರ.

ದಸರಾ ರಜೆಗೆ ಬಂದ ಮಗ ಹೊಸ ಕಂಪ್ಯೂಟರನ್ನೂ ಅದರ ಜೊತೆಗೊಂದು ಮೌಸನ್ನೂ ತಂದ. ಕಂಪನಿಯ ಹೆಸರು ಬೇಡ. ತಪ್ಪು ಅವರದೋ ನನ್ನದೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆ ಮೌಸ್ ನೋಡಲು ಬಳಸಿ ಸವೆದ ಸೋಪಿನ ಬಿಲ್ಲೆಯಂತಿತ್ತು. ಗುಂಡಿಗಳು ಕಾಣಿಸಲಿಲ್ಲ, ಬಾಲವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಚಕ್ರವೇ ಇಲ್ಲ. “ಅಪ್ಪಾ, ಇದರಲ್ಲಿ ಚಕ್ರ ಇಲ್ಲ, ಬೆನ್ನೆಲ್ಲಾ ಚಕ್ರಾನೇ ಅಂದ್ಕೋ” ಎಂದು ಹೇಳಿ ಅವನು ಬೆಂಗಳೂರಿಗೆ ಹೊರಟುಹೋದ. ಮುಂದೆ ನಡೆದದ್ದಕ್ಕೆಲ್ಲ ಆ ಒಂದು ಮಾತಿನಲ್ಲೇ ಮುನ್ಸೂಚನೆಯಿತ್ತು.

ಮೊದಲ ದಿನವೇ ಗೊತ್ತಾದದ್ದೇನೆಂದರೆ, ಈ ಮೌಸಿನ ಮೇಲೆ ಬೆರಳನ್ನು ಸುಮ್ಮನೆ ಇಡುವುದು ಎಂಬುದೇ ಇಲ್ಲ. ನನ್ನ ಅಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿದ್ದಾಗ ನಾವು ಮಕ್ಕಳು ಬೇಕೆಂದೇ ಮುಟ್ಟಿದರೂ ಅಷ್ಟೇ, ಓಡುವಾಗ ಗೊತ್ತಿಲ್ಲದೆ ಸೆರಗು ತಾಗಿದರೂ ಅಷ್ಟೇ. ಉದ್ದೇಶವೇನೆಂದು ವಿಚಾರಣೆ ನಡೆಯುತ್ತಿರಲಿಲ್ಲ, ಮೈಲಿಗೆಯೆಂದರೆ ಮೈಲಿಗೆ. ಈ ಮೌಸಿನದೂ ಅದೇ ಸಂಪ್ರದಾಯ. ಅದರ ನುಣುಪಾದ ಹೊದಿಕೆಯ ಕೆಳಗೆ ಸೂಕ್ಷ್ಮವಾದ ವಿದ್ಯುತ್ ಸಂವೇದಕಗಳ ಜಾಲರಿಯೊಂದಿದೆ. ನಮ್ಮ ಮೈಯಲ್ಲಿ ನೀರೂ ಉಪ್ಪೂ ಇರುವುದರಿಂದ ನಾವೆಲ್ಲರೂ ತಕ್ಕಮಟ್ಟಿಗೆ ವಿದ್ಯುದ್ವಾಹಕರು. ಬೆರಳು ಹತ್ತಿರ ಬಂದರೆ ಆ ಭಾಗದ ವಿದ್ಯುತ್ ಧಾರಣೆ, ಎಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿ, ಬದಲಾಗುತ್ತದೆ, ಮೌಸ್ ಅದನ್ನು ಸೆಕೆಂಡಿಗೆ ಹಲವು ಬಾರಿ ಅಳೆದು ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲಿನ ಬಾಣವನ್ನು ಆಚೆ ಸರಿಸಲೆಂದು ಮೌಸನ್ನು ತಳ್ಳುವಾಗ ಬೆರಳು ಕೂದಲೆಳೆಯಷ್ಟು ಜಾರಿದರೂ ಸಾಕು, ಅದನ್ನೊಂದು ಅಪ್ಪಣೆಯೆಂದೇ ತಿಳಿದು ಹಾಳೆ ಹೊರಟುಬಿಡುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ನಾನೊಂದು ಇಡೀ ಬೆಳಿಗ್ಗೆ ಪ್ರಯೋಗ ನಡೆಸಿದೆ. ಪೆನ್ನಿನ ಟೋಪಿಯಿಂದ ಸವರಿದರೆ ಏನೂ ಆಗಲಿಲ್ಲ, ಉಗುರಿನ ತುದಿಗೂ ಅದು ಬಗ್ಗಲಿಲ್ಲ. ದೇವರ ಮುಂದಿದ್ದ ಏಲಕ್ಕಿ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಸವರಿದಾಗ ಮಾತ್ರ ಸೆಪ್ಟೆಂಬರ್ ತಿಂಗಳ ಲೆಕ್ಕ ಸೊಗಸಾಗಿ ಮೇಲಕ್ಕೆ ಸರಿಯಿತು. ಅದೇ ಹೊತ್ತಿಗೆ ಕೋಣೆಗೆ ಬಂದ ನನ್ನ ಹೆಂಡತಿ ಏನೂ ಕೇಳದೆ ಬಾಳೆಹಣ್ಣನ್ನು ತೆಗೆದುಕೊಂಡು ಹೋದಳು.

ಮೌಸ್ ಹುಟ್ಟಿದಾಗ ಅದಕ್ಕೆ ಇಷ್ಟೆಲ್ಲ ಸೂಕ್ಷ್ಮತೆ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬವರ ಕಲ್ಪನೆಯಂತೆ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿದ ಮೊದಲ ಮೌಸ್ ಒಂದು ಮರದ ತುಂಡು. ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಗಾಲಿ, ಮೇಲೆ ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಮೌಸನ್ನು ಸಭೆಗೆ ತೋರಿಸಿದಾಗಲೂ ಅದರಲ್ಲಿ ಸ್ಕ್ರಾಲ್ ಮಾಡುವ ಸಾಧನವಿರಲಿಲ್ಲ. ನಡುವೆ ಚಕ್ರವಿರುವ ಮೌಸ್ ಜನರ ಕೈಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಎಂದರೆ ಸುಮಾರು ಮೂರು ದಶಕ ಲೋಕದ ಜನ ಪರದೆಯ ಬದಿಯ ಪಟ್ಟಿಯನ್ನೋ ಕೀಬೋರ್ಡಿನ ಬಾಣದ ಗುರುತನ್ನೋ ಒತ್ತುತ್ತ ನೆಮ್ಮದಿಯಿಂದಿದ್ದರು. ಆ ಮರದ ತುಂಡಿನ ಮೇಲೆ ಬೆರಳನ್ನಿರಲಿ, ಇಡೀ ಮುಂಗೈಯನ್ನು ಊರಿಕೊಂಡು ನಿದ್ರಿಸಿದರೂ ಅದು ತಕರಾರು ಮಾಡುತ್ತಿರಲಿಲ್ಲ.

ಎಕ್ಸೆಲ್ ಹಾಳೆಯ ವಿಸ್ತಾರ ಎಷ್ಟೆಂಬುದು ನನಗೆ ತಿಳಿದದ್ದೂ ಈ ಮೌಸಿನ ಕೃಪೆಯಿಂದಲೇ. ಒಂದು ಹಾಳೆಯಲ್ಲಿ 10,48,576 ಸಾಲುಗಳೂ 16,384 ಕಂಬಸಾಲುಗಳೂ ಇವೆ. ನಮಗೆ ಬೇಕಾದದ್ದು 48 ಸಾಲು, ಹನ್ನೆರಡು ತಿಂಗಳು. ಆದರೆ ಬೆರಳನ್ನು ಒಮ್ಮೆ ಚಿಮ್ಮಿದರೆ ನಾನು ಮನೆಗಳೇ ಇಲ್ಲದ ಬಿಳಿಯ ಬಯಲಿನಲ್ಲಿ ಎಲ್ಲೋ ಸಾವಿರದ ಸಾಲಿನಾಚೆ ನಿಂತಿರುತ್ತಿದ್ದೆ. ಅದಾದರೂ ಪರವಾಗಿಲ್ಲ, ಖಾಲಿ ಜಾಗದಲ್ಲಿ ತಪ್ಪು ಮಾಡಲು ಏನೂ ಇರುವುದಿಲ್ಲ. ಅಪಾಯವಿದ್ದದ್ದು ಅಡ್ಡ ಚಲನೆಯಲ್ಲಿ. ಹಳೆಯ ಚಕ್ರಕ್ಕೆ ಮೇಲೆ ಕೆಳಗೆ ಬಿಟ್ಟು ಬೇರೆ ದಿಕ್ಕು ಗೊತ್ತಿರಲಿಲ್ಲ. ಹೊಸದು ಅಕ್ಕಪಕ್ಕಕ್ಕೂ ಹೋಗುತ್ತದೆ. ಮನುಷ್ಯನ ಬೆರಳೋ ಗೀಟು ಎಳೆದಂತೆ ನೇರವಾಗಿ ಬರುವುದಿಲ್ಲ, ಮಣಿಕಟ್ಟನ್ನು ಕೇಂದ್ರವಾಗಿಟ್ಟುಕೊಂಡು ಸ್ವಲ್ಪ ವಾಲಿಕೊಂಡು ಬರುತ್ತದೆ. ಹೀಗೆ ನಾನು ಕೆಳಕ್ಕೆ ಹೋಗುತ್ತಿದ್ದೇನೆಂದು ತಿಳಿದುಕೊಂಡಿದ್ದಾಗ ಹಾಳೆ ಗುಟ್ಟಾಗಿ ಒಂದು ತಿಂಗಳು ಪಕ್ಕಕ್ಕೂ ಸರಿದಿತ್ತು. ಮೂರನೇ ಮಹಡಿಯವರೊಬ್ಬರು ಕಟ್ಟಿದ ಅಕ್ಟೋಬರ್ ಹಣವನ್ನು ನಾನು ನವೆಂಬರಿಗೆ ಬರೆದೆ, ಅಕ್ಟೋಬರ್ ಖಾಲಿಯುಳಿಯಿತು, ನಿಯಮದ ಪ್ರಕಾರ ಬಾಕಿ ನೋಟಿಸು ಹೋಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಅವರು ರಸೀದಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ರಾಯರೇ, ಇದು ನಿಮ್ಮದೇ ಸಹಿ ಅಲ್ವಾ?” ಎಂದರು. ಸಹಿ ನನ್ನದೇ ಆಗಿತ್ತು. ಮೌಸಿನ ಬೆನ್ನು, ಮಣಿಕಟ್ಟು, ಕೇಂದ್ರ ಎಂದು ನಾನು ವಿವರಿಸತೊಡಗಿದಾಗ ಅವರು ಕಾಫಿಯನ್ನೂ ಕುಡಿಯದೆ ಹೋದರು. ಎಕ್ಸೆಲ್‌ನಲ್ಲಿ ಮೊದಲ ಕಂಬಸಾಲನ್ನೂ ಮೇಲಿನ ಸಾಲನ್ನೂ ಅಲುಗದಂತೆ ಕಟ್ಟಿಹಾಕುವ ಒಂದು ಉಪಾಯವಿದೆಯೆಂದು ಆಮೇಲೆ ತಿಳಿಯಿತು. ಈಗ ಮನೆಯ ಸಂಖ್ಯೆಗಳೂ ತಿಂಗಳುಗಳೂ ಗೂಟಕ್ಕೆ ಕಟ್ಟಿದ ಹಸುಗಳಂತೆ ತಮ್ಮ ಜಾಗದಲ್ಲೇ ಇರುತ್ತವೆ.

ಇನ್ನು ತಡಮಾಡಬಾರದೆಂದು ಸೆಟ್ಟಿಂಗಿಗೆ ಹೋದೆ. ಅಲ್ಲಿ ಆಮೆಯ ಕಡೆಯಿಂದ ಮೊಲದ ಕಡೆಗೆ ಎನ್ನುವಂತೆ ಎಡದಿಂದ ಬಲಕ್ಕೆ ಸರಿಸುವ ಒಂದು ಗುಂಡಿಯಿತ್ತು. ಅದನ್ನು ದಿನಕ್ಕೊಂದು ಗೆರೆಯಂತೆ ಎಡಕ್ಕೆ ಸರಿಸುತ್ತ ಬಂದೆ. ಒಂದು ವಾರದ ಕೊನೆಗೆ ಹಾಳೆ ಎಂದಿನಂತೆಯೇ ಹಾರುತ್ತಿತ್ತು, ಆದರೆ ಬಾಣವನ್ನು ಪರದೆಯ ಈ ಮೂಲೆಯಿಂದ ಆ ಮೂಲೆಗೆ ಒಯ್ಯಬೇಕಾದರೆ ಮೌಸನ್ನು ಮೇಜಿನಿಂದ ನಾಲ್ಕು ಸಲ ಎತ್ತಿಡಬೇಕಾಗುತ್ತಿತ್ತು. ಫೋನಿನಲ್ಲಿ ಮಗ ನಕ್ಕ: “ಅಪ್ಪಾ, ಅದು ಟ್ರ್ಯಾಕಿಂಗ್ ಸ್ಪೀಡು. ಬಾಣದ್ದು. ಸ್ಕ್ರಾಲಿಂಗ್ ಸ್ಪೀಡು ಬೇರೆ ಇದೆ ನೋಡು.” ಎರಡಕ್ಕೂ ಬೇರೆಬೇರೆ ಗುಂಡಿಗಳಿರುವುದು ನ್ಯಾಯವೇ. ಆದರೂ ನಮ್ಮ ಮನೆಯ ಹಳೆಯ ಫ್ಯಾನ್ ರೆಗ್ಯುಲೇಟರಿನಲ್ಲಿ ಒಂದರಿಂದ ನಾಲ್ಕರವರೆಗೆ ಏನೂ ಆಗದೆ ಐದಕ್ಕೆ ಬಂದೊಡನೆ ಕ್ಯಾಲೆಂಡರ್ ಹಾರಿಹೋಗುತ್ತಿದ್ದ ಕಾಲದಿಂದಲೂ ಇಂಥ ಗುಂಡಿಗಳ ಬಗ್ಗೆ ನನಗೆ ನಂಬಿಕೆ ಕಡಿಮೆ.

ಸರಿಯಾದ ಗುಂಡಿ ಸಿಕ್ಕ ಮೇಲೆ ಹಾಳೆಯೇನೋ ನಿಧಾನವಾಯಿತು, ಜಗಳ ವೇಗವಾಯಿತು. ಸಂಜೆ ಆ ಕಂಪ್ಯೂಟರ್ ನನ್ನ ಹೆಂಡತಿಯದು. ಅವಳು ಧಾರಾವಾಹಿ ಕಥೆಗಳನ್ನು ಓದುತ್ತಾಳೆ, ಅಡುಗೆಯ ಬರಹಗಳನ್ನು ಓದುತ್ತಾಳೆ. ಈಚಿನ ಅಡುಗೆ ಬರಹಗಳಲ್ಲಿ ಬರೆದವರ ಬಾಲ್ಯ, ಮದುವೆ, ಪ್ರವಾಸಗಳೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಬೇಳೆಯ ಅಳತೆ ಬರುವುದರಿಂದ ಅವಳಿಗೆ ವೇಗ ಬೇಕು. “ಏನ್ರೀ ಇದು, ಚಳಿಗಾಲದ ತುಪ್ಪದ ಹಾಗೆ ಮಿಸುಕೋದೇ ಇಲ್ಲ” ಎಂದು ಅವಳು ಗುಂಡಿಯನ್ನು ಬಲಕ್ಕೆ ಸರಿಸುತ್ತಾಳೆ. ಬೆಳಿಗ್ಗೆ ನಾನು ಅದನ್ನು ಎಡದಿಂದ ಮೂರನೆಯ ಗೆರೆಗೆ ತರುತ್ತೇನೆ. ಕೆಲವು ದಿನ ಇಬ್ಬರೂ ಔದಾರ್ಯ ತೋರಿಸಿ ನಡುವಿನಲ್ಲಿ ಬಿಟ್ಟದ್ದೂ ಉಂಟು. ಆಗ ಇಬ್ಬರಿಗೂ ಸಮನಾಗಿ ತೊಂದರೆಯಾಯಿತು.

ದಿಕ್ಕಿನ ವಿಷಯದಲ್ಲಂತೂ ರಾಜಿ ಸಾಧ್ಯವೇ ಇರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾನು ಬಾವಿಯಿಂದ ನೀರು ಸೇದಿ ಬೆಳೆದವನು. ರಾಟೆಯ ಹಗ್ಗವನ್ನು ಕೆಳಕ್ಕೆ ಎಳೆದರೆ ಕೊಡ ಮೇಲಕ್ಕೆ ಬರುತ್ತದೆ. ಹಳೆಯ ಮೌಸಿನ ಚಕ್ರವೂ ಅದೇ ನ್ಯಾಯವನ್ನು ಪಾಲಿಸುತ್ತಿತ್ತು, ಚಕ್ರವನ್ನು ಕೆಳಮುಖವಾಗಿ ತಿರುಗಿಸಿದರೆ ಪುಟ ಮೇಲಕ್ಕೆ ಹೋಗುತ್ತಿತ್ತು. ಮೊಬೈಲುಗಳು ಬಂದ ಮೇಲೆ ಪುಟವನ್ನೇ ಬೆರಳಿನಲ್ಲಿ ಹಿಡಿದು ಸರಿಸುವ ಪದ್ಧತಿ ಬಂತು, 2011ರಲ್ಲಿ ಅದು ಕಂಪ್ಯೂಟರಿಗೂ ಕಾಲಿಟ್ಟಿತು, ಅದಕ್ಕೆ ‘ನ್ಯಾಚುರಲ್’ ಎಂಬ ಹೆಸರೂ ಬಂತು. ಚಾಪೆಯ ಅಂಚು ಹಿಡಿದು ಕೆಳಕ್ಕೆ ಎಳೆದರೆ ಚಾಪೆ ಕೆಳಕ್ಕೇ ಬರುತ್ತದಲ್ಲ, ಹಾಗೆ. ನನ್ನ ಹೆಂಡತಿ ಕಂಪ್ಯೂಟರಿಗಿಂತ ಮೊದಲು ಮೊಬೈಲ್ ಕಲಿತವಳು. ಅವಳದು ಚಾಪೆಯ ಪಕ್ಷ, ನನ್ನದು ರಾಟೆಯ ಪಕ್ಷ. ಅವಳು ಬದಲಿಸಿಟ್ಟದ್ದು ತಿಳಿಯದೆ ನಾನು ಕೆಳಗೆ ಹೋಗಬೇಕಾದಾಗ ಮೇಲೆ ಹೋಗಿ, ಮೇಲೆ ಇನ್ನು ಜಾಗವಿಲ್ಲವೆಂದು ಪುಟ ನಿಂತುಬಿಟ್ಟಾಗ ಕಂಪ್ಯೂಟರ್ ಕೆಟ್ಟಿತೆಂದು ಎರಡು ಸಲ ಆರಿಸಿ ಹಚ್ಚಿದ್ದೇನೆ. ಕೊನೆಗೆ ಬಹುಮತದಿಂದ ಚಾಪೆ ಗೆದ್ದಿತು. ಇಬ್ಬರಿರುವ ಮನೆಯಲ್ಲಿ ಬಹುಮತ ಹೇಗೆ ಬರುತ್ತದೆಂದು ಮದುವೆಯಾದವರು ಕೇಳುವುದಿಲ್ಲ.

ವೇಗವೂ ದಿಕ್ಕೂ ಇತ್ಯರ್ಥವಾದ ಮೇಲೆ ಉಳಿದದ್ದು ಹಾಳೆಯ ಹುರುಪು. ಬೆರಳನ್ನು ಎತ್ತಿದ ಮೇಲೂ ಅದು ತೂಗುಯ್ಯಾಲೆಯಂತೆ ತನ್ನ ಪಾಡಿಗೆ ತೂಗಿಕೊಂಡು ಹೋಗಿ ನಿಧಾನವಾಗಿ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನ ಆನ್‌ಲೈನ್ ಸಭೆಯಲ್ಲಿ ಲೆಕ್ಕಪತ್ರವನ್ನು ತೆರೆದು ತೋರಿಸುವಾಗ ನೀರಿನ ಖರ್ಚಿನ ಸಾಲು ಎಲ್ಲರ ಕಣ್ಣೆದುರು ಮಿಂಚಿ ಮಾಯವಾಯಿತು, “ಸಾರ್, ಸ್ವಲ್ಪ ನಿಲ್ಲಿಸಿ, ತಲೆ ಸುತ್ತುತ್ತೆ” ಎಂದು ಒಬ್ಬರು, “ಟ್ಯಾಂಕರ್ ಲೆಕ್ಕ ಬಂದಾಗಲೇ ಯಾಕೆ ಓಡುತ್ತೆ?” ಎಂದು ಇನ್ನೊಬ್ಬರು. ಈ ಜಡತ್ವವನ್ನು ನಿಲ್ಲಿಸುವ ಆಯ್ಕೆಯೂ ಇದೆ, ಆದರೆ ಅದು ಮೌಸಿನ ಪುಟದಲ್ಲಿಲ್ಲ. ಕಣ್ಣು, ಕಿವಿ, ಕೈಗಳ ತೊಂದರೆಯಿರುವವರಿಗೆಂದು ಮಾಡಿಟ್ಟ ಬೇರೊಂದು ವಿಭಾಗದೊಳಗೆ, ಮೂರು ಬಾಗಿಲು ದಾಟಿದ ಮೇಲೆ ಸಿಗುತ್ತದೆ. ಅದನ್ನು ಆರಿಸಿದಾಗ ನಾನು ಯಾವ ವರ್ಗಕ್ಕೆ ಸೇರಿದವನೆಂಬುದೂ ನನಗೆ ಸ್ಪಷ್ಟವಾಯಿತು.

ಇಷ್ಟೆಲ್ಲ ಮಾಡಿದರೂ ಮೂಲ ರೋಗ ವಾಸಿಯಾಗಲಿಲ್ಲ, ಏಕೆಂದರೆ ಆ ಗುಂಡಿಗಳಾವುವೂ ಮೌಸಿನ ಮಡಿಯನ್ನು ಸಡಿಲಿಸುವುದಿಲ್ಲ. ತಾಗಿದ ಬೆರಳಿಗೆ ಹಾಳೆ ಎಷ್ಟು ದೂರ ಓಡಬೇಕು ಎಂಬುದನ್ನು ಅವು ನಿರ್ಧರಿಸುತ್ತವೆಯೇ ಹೊರತು, ತಾಗಿದ್ದನ್ನು ತಾಗಿಲ್ಲವೆಂದು ಬಿಟ್ಟುಬಿಡುವ ದಾಕ್ಷಿಣ್ಯ ಅವುಗಳಿಗಿಲ್ಲ. ಇದು ನನಗೆ ಪೂರ್ತಿ ಅರ್ಥವಾದದ್ದು ಯುಗಾದಿಯ ಹೊತ್ತಿಗೆ. ಅಪಾರ್ಟ್‌ಮೆಂಟಿನ ಹಬ್ಬದೂಟಕ್ಕೆ 80 ಬೇಳೆ ಹೋಳಿಗೆಗೆ ಆನ್‌ಲೈನ್ ಫಾರಂ ತುಂಬುವ ಕೆಲಸ ನನ್ನದಾಗಿತ್ತು. ಸಂಖ್ಯೆಯ ಚೌಕದಲ್ಲಿ 80 ಎಂದು ಬರೆದೆ. ಮೇಲೆ ಬರೆದಿದ್ದ ವಿಳಾಸ ಸರಿಯಿದೆಯೇ ಎಂದು ನೋಡೋಣವೆಂದು ಪುಟವನ್ನು ಸರಿಸಿದೆ, ಪುಟ ಅಲುಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಸವರಿದೆ. ಬಾಣ ಆ ಚೌಕದ ಮೇಲೆಯೇ ನಿಂತಿದ್ದರೆ ಸ್ಕ್ರಾಲ್ ಮಾಡಿದಾಗ ಪುಟದ ಬದಲು ಒಳಗಿನ ಸಂಖ್ಯೆ ಏರಿಳಿಯುವುದುಂಟೆಂದು ಯಾರಾದರೂ ಮೊದಲೇ ಹೇಳಬಹುದಿತ್ತು. ವಿಳಾಸ ಸರಿಯಾಗಿತ್ತು. ಹೋಳಿಗೆ 137 ಬಂತು.

57 ಹೋಳಿಗೆಗಳ ಹೆಚ್ಚುವರಿ ಖರ್ಚನ್ನು ಯಾವ ಕಂಬಸಾಲಿಗೆ ಬರೆಯುವುದೆಂದು ಯೋಚಿಸುತ್ತ ನಾನು ಹಬ್ಬದ ದಿನ ಮೂಲೆಯಲ್ಲಿ ಕುಳಿತಿದ್ದರೆ, ಪಂಕ್ತಿಯಲ್ಲಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವರು ಆ ಮೂರನೇ ಮಹಡಿಯವರೇ. ಮುಂದಿನ ವರ್ಷವೂ ಖಜಾಂಚಿಗಿರಿ ನನ್ನ ಬಳಿಯೇ ಇರಬೇಕೆಂದು ಸೂಚಿಸಿದವರೂ ಅವರೇ. ಈ ಸಲ ನಾನು ಸಭೆಯಲ್ಲಿದ್ದರೂ ಪ್ರಯೋಜನವಾಗಲಿಲ್ಲ.

ಈಗ ನಾನು ಮೌಸನ್ನು ಹೆಬ್ಬೆರಳು ಮತ್ತು ಉಂಗುರ ಬೆರಳಿನಲ್ಲಿ ಮಾತ್ರ ಹಿಡಿದು, ತೋರುಬೆರಳನ್ನೂ ನಡುಬೆರಳನ್ನೂ ಮೇಲೆತ್ತಿಕೊಂಡು ಕೆಲಸ ಮಾಡುತ್ತೇನೆ. ನೋಡಿದವರು ಬೆರಳಿಗೆ ಪೆಟ್ಟಾಗಿದೆಯೇ ಎಂದು ಕೇಳುತ್ತಾರೆ. ಮೊನ್ನೆ ಮೌಸಿನ ಬ್ಯಾಟರಿ ತೀರಿತು. ಅದಕ್ಕೆ ಚಾರ್ಜ್ ಮಾಡುವ ತೂತು ಹೊಟ್ಟೆಯಲ್ಲಿರುವುದರಿಂದ ವೈರು ಚುಚ್ಚಿದಾಗ ಅದು ಅಂಗಾತ ಬಿದ್ದುಕೊಂಡೇ ಇರಬೇಕು. ಆ ಹೊತ್ತಿನಲ್ಲಿ ಯಾರು ಮುಟ್ಟಿದರೂ ಅದು ಏನೂ ಮಾಡುವುದಿಲ್ಲ. ನಾನು ಕಪಾಟಿನಿಂದ ಹಳೆಯ ಚಕ್ರದ ಮೌಸನ್ನು ತೆಗೆದು, ಧೂಳು ಒರೆಸಿ, ಸಂಭ್ರಮದಿಂದ ಸಿಕ್ಕಿಸಿದೆ. ದಿಕ್ಕಿನ ಸೆಟ್ಟಿಂಗು ಕಂಪ್ಯೂಟರಿಗೇ ಸೇರಿದ್ದಾದ್ದರಿಂದ ಅದೂ ಚಾಪೆಯ ಪಕ್ಷಕ್ಕೆ ಹೋಗಿತ್ತು. ಕಟಕಟ ಎನ್ನುತ್ತ ಹಾಳೆ ಮೇಲಕ್ಕೆ ಹೋಗಬೇಕಾದದ್ದು ಕೆಳಕ್ಕೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ತಂದ ನನ್ನ ಹೆಂಡತಿ ಲೋಟ ಇಟ್ಟು, ಮೌಸನ್ನೊಮ್ಮೆ ನೋಡಿ, ನನ್ನ ಕೈಯನ್ನು ನೋಡಿದಳು. ಚಕ್ರದ ಮೇಲಿರಬೇಕಾದ ತೋರುಬೆರಳು ಅದರಿಂದ ಎರಡು ಅಂಗುಲ ಎತ್ತರದಲ್ಲಿ, ಯಾವುದಕ್ಕೂ ತಾಗದಂತೆ ನಿಂತಿತ್ತು.