ಸ್ಪಷ್ಟನೆ: ಡೈರೆಕ್ಟ್ ಸೆಲ್ಲಿಂಗ್‌ಗೆ (ಅಂಗಡಿ ಇಲ್ಲದೆ ಕಂಪನಿಯ ಸಾಮಾನನ್ನು ನೇರವಾಗಿ ಜನರಿಗೆ ಮಾರುವ ಕೆಲಸ) ಸೇರಲು ನೋಂದಣಿ ಶುಲ್ಕ ಕಟ್ಟಬೇಕಿಲ್ಲ

"ಡೈರೆಕ್ಟ್ ಸೆಲ್ಲಿಂಗ್ ಶುರು ಮಾಡಲು ನೋಂದಣಿ ಶುಲ್ಕ, ಡೆಮೊ ಕಿಟ್ ದುಡ್ಡು ಕಟ್ಟಲೇಬೇಕು, ಇದು ಸರ್ಕಾರದ ನಿಯಮ" ಎಂಬ ಮೆಸೇಜ್ ಓಡಾಡುತ್ತಿದೆ. ಮೊನ್ನೆ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ. ಅದನ್ನು ನಂಬಿ ಪಕ್ಕದ ಮನೆ ಹುಡುಗಿ ಕಿವಿಯೋಲೆ ಅಡವಿಡಲು ಹೊರಟಿದ್ದಳು.

ನಿಯಮ ಹೇಳುವುದು ಪೂರ್ತಿ ಉಲ್ಟಾ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ಗ್ರಾಹಕ ರಕ್ಷಣೆ (ನೇರ ಮಾರಾಟ) ನಿಯಮಗಳ ಪ್ರಕಾರ, ಕಂಪನಿ ಸೇರುವವರಿಂದ ಪ್ರವೇಶ ಶುಲ್ಕ, ನೋಂದಣಿ ಶುಲ್ಕ, ಡೆಮೊ ಸಾಮಾನಿನ (ಗ್ರಾಹಕರಿಗೆ ತೋರಿಸುವ ಮಾದರಿ ಸಾಮಾನು) ಖರ್ಚು ಯಾವುದನ್ನೂ ಕೇಳುವಂತಿಲ್ಲ. ಕಂಪನಿಗೂ ಮಾರುವವರಿಗೂ ನಡುವೆ ಲಿಖಿತ ಒಪ್ಪಂದ ಇರಲೇಬೇಕು. ಪಿರಮಿಡ್ ಸ್ಕೀಮಿಗೆ, ಅಂದರೆ ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಸಿಗುವ ಸ್ಕೀಮಿಗೆ, ನಿಷೇಧವಿದೆ. ಇನ್ನೊಂದು ಮಾತು, ಮಾರುವವರ ಹತ್ತಿರ ಗುರುತಿನ ಚೀಟಿ ಬೇಕು, ಮೊದಲೇ ಕೇಳದೆ ಸುಮ್ನೆ ಯಾರ ಮನೆಗೂ ಹೋಗುವಂತಿಲ್ಲ.

ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿ, ಇದನ್ನು ತಿಳಿಸಿ.