ಹಸಿರು ಕೋಟಿನ ಆನೆ

ಆನೆಗೆ ಕೋಟು ಹೊಲಿಸಬೇಕಾದರೆ ಎಷ್ಟು ಮೀಟರ್ ಬಟ್ಟೆ ಬೇಕು? ಬಾಬರ್ ಎಂಬ ಆನೆಯ ಮಕ್ಕಳ ಪುಸ್ತಕದಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಕಾಡಿನಿಂದ ಓಡಿ ಬಂದ ಆನೆ ಪಟ್ಟಣದ ದೊಡ್ಡ ಅಂಗಡಿಗೆ ಹೋಗುತ್ತದೆ. ಲಿಫ್ಟಿನಲ್ಲಿ ಹತ್ತು ಸಲ ಹತ್ತಿ ಇಳಿಯುತ್ತದೆ. ಆಮೇಲೆ ಹಸಿರು ಸೂಟು, ದುಂಡು ಟೋಪಿ ಕೊಂಡು ಹೊರಗೆ ಬರುತ್ತದೆ. ದುಡ್ಡು ಎಲ್ಲಿಂದ ಬಂತು ಅಂದರೆ, ದಾರಿಯಲ್ಲಿ ಸಿಕ್ಕ ಒಬ್ಬ ಅಜ್ಜಿ ತನ್ನ ಪರ್ಸನ್ನೇ ಕೊಟ್ಟುಬಿಟ್ಟಳು!

ಇವನು ಪಾಣಿಪತ್ತಿನ ಬಾಬರ್ ಅಲ್ಲ. ಆ ಯುದ್ಧದಲ್ಲಿ ಆನೆಗಳಿದ್ದದ್ದು ಎದುರಾಳಿ ಲೋದಿಯ ಕಡೆ. ಈ ಬಾಬರ್ ಫ್ರಾನ್ಸಿನವನು. 1930ರಲ್ಲಿ ಸೆಸಿಲ್ ದ ಬ್ರೂನಾಫ್ ಎಂಬ ತಾಯಿ ತನ್ನ ಮಕ್ಕಳಿಗೆ ಹೇಳಿದ ಕಥೆ ಅದು. ಮಕ್ಕಳು ಅದನ್ನು ಅಪ್ಪನಿಗೆ ಒಪ್ಪಿಸಿದರು. ಅಪ್ಪ ಜಾನ್ ಚಿತ್ರಕಾರ. 1931ರಲ್ಲಿ ಪುಸ್ತಕ ಬಂತು. ದೊಡ್ಡ ದೊಡ್ಡ ಪುಟ, ಕೂಡಿಸಿ ಬರೆದ ಕೈಬರಹದ ಅಕ್ಷರ. ರಟ್ಟಿನ ಮೇಲೆ ಅಮ್ಮನ ಹೆಸರು ಮಾತ್ರ ಇಲ್ಲ. ಮನೆಯ ಹೆಂಗಸರು ಹೇಳಿದ ಕಥೆಗಳ ಗತಿ ಎಲ್ಲಾ ಕಡೆ ಇಷ್ಟೇ ಅಂತ ಕಾಣುತ್ತದೆ. ಜಾನ್ 1937ರಲ್ಲಿ, ಬರೀ 37 ವರ್ಷಕ್ಕೆ ತೀರಿಕೊಂಡ. ಕಥೆ ಕೇಳಿ ಬೆಳೆದ ಹಿರಿಮಗ ಲೋರಾನ್ 1946ರಿಂದ ಅದನ್ನು ಮುಂದುವರಿಸಿ, 2024ರಲ್ಲಿ ತಾನು ಹೋಗುವ ಹೊತ್ತಿಗೆ ಹತ್ತಾರು ಪುಸ್ತಕ ಮಾಡಿದ್ದ.

ಪ್ಯಾರಿಸ್ಸಿನ ಮಕ್ಕಳಿಗೆ ಆನೆ ಅಂದರೆ ಮೃಗಾಲಯ, ಇಲ್ಲವೇ ಸರ್ಕಸ್ಸು. ಸೂಟು ಹಾಕಿಸಿದರೂ ನಡೆಯುತ್ತದೆ. ಆದರೆ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಅಕ್ಕನ ಮನೆಯಲ್ಲಿ ಕೂತು ಇದನ್ನು ಓದಿದರೆ ಪುಟಪುಟಕ್ಕೂ ತಕರಾರು. ಅಲ್ಲಿ ಆನೆ ಅಂದರೆ ಬೆಳಿಗ್ಗೆ ಮೊಬೈಲಿಗೆ ಬರುವ ಮೆಸೇಜು. ಹಿಂಡು ಯಾವ ತೋಟದಲ್ಲಿದೆ, ಕೂಲಿಯವರು ಯಾವ ಕಡೆ ಹೋಗಬಾರದು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಬಾಬರನ ಕತ್ತಿಗೆ ಟೈ. ಇಲ್ಲಿನ ಕೆಲವು ಹೆಣ್ಣಾನೆಗಳ ಕತ್ತಿಗೆ, ಎಲ್ಲಿವೆ ಅಂತ ತಿಳಿಸುವ ರೇಡಿಯೊ ಕಾಲರ್.

ಅಕ್ಕನ ಮಗಳಿಗೆ ಸೂಟು ದೊಡ್ಡ ವಿಷಯವೇ ಆಗಲಿಲ್ಲ. ಬೇಟೆಗಾರ ಬಾಬರನ ಅಮ್ಮನನ್ನು ಗುಂಡಿಟ್ಟು ಕೊಲ್ಲುವ ಪುಟಕ್ಕೆ ಬಂದಾಗ ಅವಳು ಕೇಳಿದ್ದು, "ಮಿಕ್ಕಿದ ಆನೆಗಳೆಲ್ಲ ಎಲ್ಲೋದ್ವು ಮಾಮ? ಮರಿ ಇರೋ ಆನೆನ ಒಂದೇ ಬಿಡಲ್ವಲ್ಲ." ಬಾಬರನಿಗೆ ಪಟ್ಟಾಭಿಷೇಕ ಆದಾಗ ಇನ್ನೊಂದು. "ಇವನ್ಯಾಕೆ ರಾಜ? ಅಜ್ಜಿ ಆನೆ ಅಲ್ವಾ ಮುಂದೆ ಹೋಗೋದು?" ಮಾಮನ ಹತ್ತಿರ ಉತ್ತರ ಇರಲಿಲ್ಲ. ಪಟ್ಟಣಕ್ಕೆ ಹೋಗಿ, ಬಟ್ಟೆ ಹಾಕಿ, ಕಾರಿನಲ್ಲಿ ವಾಪಸ್ ಬಂದವನೇ ರಾಜ ಅನ್ನುವ ಕಥೆಯಲ್ಲಿ ವಸಾಹತುಗಾರರ ಧಿಮಾಕು ಇದೆ ಅಂತ ವಿಮರ್ಶಕರು ಬಹಳ ಹಿಂದೆಯೇ ಬೈದಿದ್ದಾರೆ. ಬೈಗುಳ ಸರಿಯಾಗಿಯೇ ಇದೆ. ಆದರೆ ಬೆಂಗಳೂರಿಂದ ಕಾರಲ್ಲಿ ಬಂದಿಳಿದವನಿಗೆ ಮೊದಲು ಕುರ್ಚಿ ಹಾಕುವ ಊರಿನವರು ನಾವು. ಜಾಸ್ತಿ ಮಾತಾಡುವ ಹಾಗಿಲ್ಲ.

ಹಳೆಯ ರಾಜ ಸತ್ತದ್ದು ಕೆಟ್ಟ ಅಣಬೆ ತಿಂದು. ಇದನ್ನು ಕೇಳಿ ಅಕ್ಕನ ಅತ್ತೆ ಅಡುಗೆಮನೆಯಿಂದಲೇ ನಕ್ಕರು. "ಕಾಡಲ್ಲೇ ಹುಟ್ಟಿ ಬೆಳೆದೋನಿಗೆ ಯಾವ ಅಣಬೆ ತಿನ್ಬೇಕು ಅಂತ ಗೊತ್ತಾಗ್ಲಿಲ್ವಾ?" ಮೊದಲ ಮಳೆಗೆ ಬುಟ್ಟಿ ಹಿಡಿದು ಹೋಗುವವರ ಮುಂದೆ ಫ್ರೆಂಚ್ ಸಾಹಿತ್ಯ ನಿಲ್ಲಲಿಲ್ಲ.

ಆನೆಯನ್ನು ಅಲಂಕರಿಸುವ ಆಸೆ ನಮ್ಮವರಿಗೂ ಇತ್ತು. ಬೇಲೂರು, ಹಳೇಬೀಡಿನ ಗೋಡೆಗಳ ಕೆಳಸಾಲು ನೋಡಿ. ಸಾಲಿಗೆ ಸಾಲು ಆನೆ, ಇಡೀ ಗುಡಿಯನ್ನು ಹೊತ್ತ ಹಾಗೆ. ಮೈಮೇಲೆ ಸರ ಇದೆ, ಹಗ್ಗ ಇದೆ, ಮಾವುತ ಇದ್ದಾನೆ. ಆದರೆ ಹೊಯ್ಸಳರ ಆನೆ ಆನೆಯಾಗಿಯೇ ಉಳಿಯಿತು. ಹೆಸರು ಕೂಡ ಸಿಗಲಿಲ್ಲ. ಈಗಿನ ಸಲಗಕ್ಕೆ ಅದು ಸಿಕ್ಕಿದೆ. ಭೀಮ ಅಂದರೆ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ರಸ್ತೆಯಲ್ಲಿ ಗಂಭೀರವಾಗಿ ಅವನು ನಡೆದು ಹೋಗುವ ವಿಡಿಯೊ ನೋಡಿದರೆ ಟೋಪಿಯೊಂದೇ ಕಮ್ಮಿ ಅನ್ನಿಸುತ್ತದೆ.

ಭಾವನಿಗೆ ಈ ಪ್ರೀತಿಯೆಲ್ಲ ಹಿಡಿಸುವುದಿಲ್ಲ. ಹಿಂದಿನ ರಾತ್ರಿಯಷ್ಟೇ ಅವರ ಬಾಳೆ ನೆಲಸಮ ಆಗಿತ್ತು. ಪುಸ್ತಕ ತಿರುವಿ ಹಾಕಿ, ಪರ್ಸಿನ ಪುಟದ ಹತ್ತಿರ ನಿಲ್ಲಿಸಿ ಕೇಳಿದರು: "ಈ ಅಜ್ಜಿ ಇನ್ನೂ ಇದಾರಾ? ವಿಳಾಸ ಕೊಡು, ಒಂದು ಬಿಲ್ ಕಳಿಸೋದಿದೆ."